ಮಗು ಇಟ್ಟ ನ್ಯಾಸ

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, ಭಗವಜ್ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಶ್ರಾವಕನ ಬಾಳನ್ನು ಗರ್ಭಾಧಾನದಿಂದ ನಿರ್ವಾಣದವರೆಗೆ 53 ಕ್ರಿಯೆಗಳಾಗಿ ವಿಂಗಡಿಸಿ ನಿರೂಪಿಸಿದ್ದಾರೆ. ಗರ್ಭಾನ್ವಯ ಕ್ರಿಯೆಗಳೆಂಬ ಹೆಸರಿನಿಂದ ಇವು ನಮ್ಮ ಪಾಠಕರಿಗೆ ಪರಿಚಿತವೇ ಆಗಿವೆ. ಹುಟ್ಟಿದ ಎರಡು ಮೂರು ಅಥವಾ ಮೂರು ನಾಲ್ಕು ತಿಂಗಳಿಗೆ ಮಗುವನ್ನು ಮೊದಲ ಬಾರಿಗೆ ಮನೆಯಿಂದ ಹೊರಗೆ ತರುವುದು ಬಹಿರ್ಯಾನ, ಬಳಿಕ ಅದನ್ನು ಆಸನದ ಮೇಲೆ ಕುಳ್ಳಿರಿಸುವುದು ನಿಷದ್ಯಾ, ಏಳೆಂಟು ತಿಂಗಳಿಗೆ ಅನ್ನಪ್ರಾಶನ, ವರ್ಷ ತುಂಬಿದಾಗ ವ್ಯುಷ್ಟಿ, ಅನಂತರ ಕೇಶವಾಪ, ಐದನೆಯ ವರ್ಷದಲ್ಲಿ ಲಿಪಿಸಂಖ್ಯಾನ, ಅಂದರೆ ಅಕ್ಷರ ಮತ್ತು ಅಂಕಿಗಳ ಪ್ರಾರಂಭ. ಈ ಲಿಪಿಸಂಖ್ಯಾನಕ್ಕೆ ಉಪಾಧ್ಯಾಯನಾಗುವವನು ವಿದ್ಯಾವಂತನೂ ವ್ರತವಂತನೂ ಆದ ಗೃಹಸ್ಥನಾಗಿರಬೇಕೆಂದು ಆಚಾರ್ಯರು ಹೇಳುತ್ತಾರೆ.

ಈ ಕ್ರಮವನ್ನು ಗಮನವಿಟ್ಟು ನೋಡಿದರೆ ಕೇಶವಾಪಕ್ಕೂ ಲಿಪಿಸಂಖ್ಯಾನಕ್ಕೂ ನಡುವೆ ಎರಡು ಮೂರು ವರ್ಷಗಳ ಒಂದು ಬಯಲು ಕಾಣುತ್ತದೆ. ಆ ಕಾಲದಲ್ಲಿ ಮಗು ಮನೆಯ ಜಗಲಿಯಲ್ಲಿ, ಅಜ್ಜಿಯ ಸೆರಗಿನಲ್ಲಿ, ಅಕ್ಕತಂಗಿಯರ ನಡುವೆ ಆಡಿಕೊಂಡಿರುತ್ತಿತ್ತು. ಅದಕ್ಕೆ ಪ್ರತ್ಯೇಕ ಕ್ರಿಯೆಯ ಅಗತ್ಯವಿರಲಿಲ್ಲ. ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ನಮ್ಮ ಕುಟುಂಬಗಳಲ್ಲಿ ಆ ಬಯಲಿನಲ್ಲಿ ಒಂದು ಹೊಸ ಸಂಸ್ಕಾರ ಬಂದು ನಿಂತಿದೆ. ಅದಕ್ಕೆ ಪ್ಲೇ ಹೋಮ್ ಎನ್ನುತ್ತಾರೆ, ಪ್ಲೇ ಸ್ಕೂಲ್ ಎನ್ನುತ್ತಾರೆ. ಇದಕ್ಕೆ ಮುಹೂರ್ತವುಂಟು, ಹೊಸ ಬಟ್ಟೆಯುಂಟು, ದಕ್ಷಿಣೆಯಂತೂ ಉಂಟೇ ಉಂಟು. ವಿಧಿ ಮಾತ್ರ ಯಾವ ಗ್ರಂಥದಲ್ಲಿಯೂ ಇಲ್ಲ. ಗ್ರಂಥದಲ್ಲಿ ವಿಧಿಯಿಲ್ಲದ ಕಡೆ ಶ್ರಾವಕನು ತನ್ನ ವ್ರತಗಳನ್ನೇ ದೀಪವಾಗಿ ಹಿಡಿದು ನಡೆಯಬೇಕು. ನಮ್ಮ ಮನೆಯಲ್ಲಿ ಅಂಥ ಸಂದರ್ಭ 2023ರ ಜೂನ್ ತಿಂಗಳಿನಲ್ಲಿ ಒದಗಿತು.

ಮೊಮ್ಮಗಳಿಗೆ ಆಗ ಎರಡು ವರ್ಷ ಎಂಟು ತಿಂಗಳು. ಸೊಸೆಯು ಬಿಟ್ಟಿದ್ದ ಉದ್ಯೋಗಕ್ಕೆ ಅರ್ಧ ದಿನದ ಮಟ್ಟಿಗೆ ಮರಳಬೇಕಾಗಿತ್ತು. ನಮ್ಮ ಮನೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. “ಮನೆಯಲ್ಲಿ ನಾವಿಬ್ಬರೂ ಗಟ್ಟಿಯಾಗಿ ಇದ್ದೇವಲ್ಲ, ಹಾಲುಹಲ್ಲಿನ ಮಗುವನ್ನು ಪರರ ಮನೆಯಲ್ಲಿ ಏಕೆ ಬಿಡಬೇಕು?” ಎಂಬುದು ಅವರ ಪ್ರಶ್ನೆ. ಸೊಸೆ ಅವರಿಗೆ ಎದುರಾಡಲಿಲ್ಲ. ನನ್ನನ್ನು ನೋಡಿ, “ಮಾವ, ಅವಳಿಗೆ ನೀವಿದ್ದೀರಿ, ಅತ್ತೆ ಇದ್ದಾರೆ. ಅವಳ ಎತ್ತರದವರು ಯಾರಿದ್ದಾರೆ ಹೇಳಿ?” ಎಂದಳು.

ಈ ಮಾತಿಗೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಉದ್ಯಾನಗಳು, ಅಗಲವಾದ ರಸ್ತೆಗಳು, ಸಾಲುಮರಗಳು ಈ ಬಡಾವಣೆಯ ಹೆಮ್ಮೆ. ನನ್ನ ಮಗನು ಚಿಕ್ಕವನಾಗಿದ್ದಾಗ ನಮ್ಮ ಅಡ್ಡರಸ್ತೆಯಲ್ಲಿ ಸಂಜೆ ಹನ್ನೆರಡು ಹದಿಮೂರು ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ಇಂದು ಅದೇ ರಸ್ತೆಯ ಎರಡು ಬದಿಗಳಲ್ಲಿಯೂ ಕಾರುಗಳು ನಿಂತಿವೆ, ನಡುವೆ ದ್ವಿಚಕ್ರ ವಾಹನಗಳು ಹರಿಯುತ್ತವೆ. ಮಕ್ಕಳು ಇದ್ದಾರೆ, ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬರಾಗಿ ಇದ್ದಾರೆ. ಅತ್ತೆಯ ಮಾತಿನಲ್ಲಿ ಒಂದು ನಯವಿದ್ದರೆ ಸೊಸೆಯ ಮಾತಿನಲ್ಲಿ ಇನ್ನೊಂದು ನಯವಿತ್ತು. ಅನೇಕಾಂತವನ್ನು ಬಸದಿಯ ಉಪನ್ಯಾಸದಲ್ಲಿ ಕೇಳುವುದು ಬೇರೆ, ಊಟದ ಮಣೆಯ ಮುಂದೆ ಆಚರಿಸುವುದು ಬೇರೆ. ಕೊನೆಗೆ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದ ಒಂದು ಪ್ಲೇ ಹೋಮಿಗೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ಕಳುಹಿಸುವುದೆಂದು ನಿಶ್ಚಯವಾಯಿತು.

ಎಳೆಯ ಮಗುವನ್ನು ಹೊರಗೆ ಕಳುಹಿಸುವುದು ಪಟ್ಟಣದ ಉಳ್ಳವರ ಚಾಳಿಯೆಂದು ನಮ್ಮಲ್ಲಿ ಹಲವರು ಭಾವಿಸುತ್ತಾರೆ. ಅದು ಪೂರ್ತಿ ನಿಜವಲ್ಲ. ಗಿಜುಭಾಯಿ ಬಧೇಕಾ ಅವರು ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದ್ದು 1920ರಲ್ಲಿ. ಶಿಕ್ಷೆಯ ಭಯವಿಲ್ಲದ ಶಾಲೆ ಅವರ ಕನಸಾಗಿತ್ತು. ಕರ್ನಾಟಕದಲ್ಲಿ ಅಂಗನವಾಡಿಗಳ ಯೋಜನೆ 1975ರ ಅಕ್ಟೋಬರ್ 2ರಂದು ಮೊದಲಾದದ್ದು ಬೆಂಗಳೂರಿನಲ್ಲಲ್ಲ, ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಹೊಲಗೆಲಸಕ್ಕೆ ಹೋಗುವ ತಾಯಂದಿರು ಅರ್ಧ ಶತಮಾನದಿಂದ ತಮ್ಮ ಮೂರು ವರ್ಷದ ಮಕ್ಕಳನ್ನು ಅಂಗನವಾಡಿಯ ಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದಾರೆ. ಆದ್ದರಿಂದ ಕಳುಹಿಸಬೇಕೆ, ಕಳುಹಿಸಬಾರದೆ ಎಂಬುದು ಆಯಾ ಮನೆಯ ಪರಿಸ್ಥಿತಿಗೆ ಬಿಟ್ಟ ವಿಷಯ. ಹೇಗೆ ಕಳುಹಿಸಬೇಕು ಎಂಬುದರಲ್ಲಿ ಧರ್ಮದ ಪ್ರಶ್ನೆ ಇದೆ.

ಮೊದಲ ಎರಡು ದಿನ ಸೊಸೆ ಮಗುವಿನ ಜೊತೆಯಲ್ಲಿಯೇ ಒಳಗೆ ಕುಳಿತಳು. ಮೊಮ್ಮಗಳು ಮರಳಿನ ಗುಂಡಿಯಲ್ಲಿ ಆಡಿದಳು, ಜಾರುಬಂಡೆ ಹತ್ತಿದಳು, ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ವರದಿ ಮಾಡಿದಳು. ಮೂರನೆಯ ದಿನ ಅಲ್ಲಿಯ ಶಿಕ್ಷಕಿ ಸೊಸೆಯ ಕಿವಿಯಲ್ಲಿ, “ಅವಳು ಆ ಕಡೆ ತಿರುಗಿದಾಗ ನೀವು ಮೆಲ್ಲಗೆ ಹೊರಟುಬಿಡಿ ಮೇಡಂ. ಹೇಳಿ ಹೋದರೆ ಅಳುತ್ತಾಳೆ. ಎರಡು ದಿನ ಅಷ್ಟೇ, ಮಕ್ಕಳು ಮರೆತುಬಿಡುತ್ತವೆ” ಎಂದರು. ಆಕೆ ಕೆಟ್ಟವರಲ್ಲ, ಹದಿನೈದು ಮಕ್ಕಳನ್ನು ಒಬ್ಬ ಸಹಾಯಕಿಯೊಂದಿಗೆ ನೋಡಿಕೊಳ್ಳುವವರು. ಇಂಥದೇ ಸಲಹೆಯನ್ನು ಬೇರೆ ಬಡಾವಣೆಗಳ ಬಂಧುಗಳೂ ಕೇಳಿದ್ದಾರೆಂದು ಆಮೇಲೆ ತಿಳಿಯಿತು. ಸೊಸೆ ಹಾಗೆಯೇ ಮಾಡಿದಳು. ಹೊರಗೆ ಬಂದು ಎದುರು ಬದಿಯ ಹೊಂಗೆಮರದ ಕೆಳಗೆ ನಿಂತು, ಒಳಗಿನಿಂದ ಬರುವ ಅಳುವನ್ನು ಕೇಳುತ್ತ ತಾನೂ ಅತ್ತಳು.

ಐದನೆಯ ದಿನದ ಹೊತ್ತಿಗೆ ಅಳು ನಿಂತಿತು. ಮಗು ಒಗ್ಗಿಕೊಂಡಿದೆ ಎಂಬ ಸಮಾಚಾರ ಬಂದಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಆದರೆ ಮನೆಯಲ್ಲಿ ಕಂಡದ್ದು ಬೇರೆ. ತಾಯಿ ಬಟ್ಟೆ ಹರವಲು ತಾರಸಿಗೆ ಹೋದರೆ ಮಗು ಮೆಟ್ಟಿಲ ಬುಡದಲ್ಲಿ ಕುಳಿತಿರುತ್ತಿತ್ತು. ನಡುರಾತ್ರಿಯಲ್ಲಿ ಎದ್ದು ಕೈಯಿಂದ ತಡವಿ ತಾಯಿ ಇದ್ದಾಳೆಂದು ನೋಡಿ ಮಲಗುತ್ತಿತ್ತು. ಒಂದು ಸಂಜೆ ಸೊಸೆ ನನ್ನನ್ನು ಕರೆದು, “ಮಾವ, ಇವಳು ಈಗ ನನಗೆ ಬೆನ್ನು ಹಾಕಿ ಕೂರುವುದೇ ಇಲ್ಲ, ನೋಡಿದಿರಾ?” ಎಂದಳು. ಆಗ ನಾನೂ ಗಮನಿಸಿದೆ. ಗೊಂಬೆಯ ಬುಟ್ಟಿಯನ್ನು ಎಲ್ಲಿಟ್ಟರೂ ಅದನ್ನು ಎಳೆದುಕೊಂಡು ಬಂದು, ತಾಯಿಯ ಮುಖ ಕಾಣುವ ಹಾಗೆ ತಿರುಗಿಸಿಕೊಂಡು ಆಡುತ್ತಿದ್ದಳು. ಬೆನ್ನು ತಿರುಗಿಸಿದರೆ ಅಮ್ಮ ಇಲ್ಲವಾಗುತ್ತಾಳೆ ಎಂಬುದು ಆ ಶಾಲೆಯಲ್ಲಿ ಅವಳು ಕಲಿತ ಮೊದಲ ಪಾಠವಾಗಿತ್ತು.

ಆ ರಾತ್ರಿ ಊಟದ ಹೊತ್ತಿನಲ್ಲಿ ಈ ಚರ್ಚೆ ನಡೆಯಿತು. ಮಗನು, “ಅಪ್ಪ, ನಾವು ಸುಳ್ಳು ಹೇಳಿಲ್ಲವಲ್ಲ. ಹೇಳದೆ ಬಂದದ್ದಷ್ಟೇ. ಇನ್ನು ನಾಲ್ಕು ದಿನ ಹೋದರೆ ಅವಳಿಗೆ ಇದೆಲ್ಲ ನೆನಪೂ ಇರುವುದಿಲ್ಲ” ಎಂದನು. ನ್ಯಾಯವಾದ ಮಾತಿನ ಹಾಗೆಯೇ ಕೇಳಿಸುತ್ತದೆ. ನನಗೆ ಮಾತ್ರ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದಾದ ನ್ಯಾಸಾಪಹಾರ ನೆನಪಿಗೆ ಬಂದಿತು.

ವ್ಯಾಪಾರದಲ್ಲಿರುವವರಿಗೆ ಇದು ಬಲು ಹತ್ತಿರದ ವಿಷಯ. ನ್ಯಾಸವೆಂದರೆ ನಂಬಿ ಇಟ್ಟ ಠೇವಣಿ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆಯ ಸಾರ ಹೀಗಿದೆ: ಒಬ್ಬನು ಚಿನ್ನ ಮುಂತಾದ ದ್ರವ್ಯವನ್ನು ಇನ್ನೊಬ್ಬನಲ್ಲಿ ಇಟ್ಟು, ಕಾಲಾಂತರದಲ್ಲಿ ಇಟ್ಟದ್ದು ಎಷ್ಟೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಹೌದು, ಅಷ್ಟೇ ಎಂದು ಒಪ್ಪಿ ಕೊಟ್ಟುಬಿಡುತ್ತಾನೆ. ಮೇಲುನೋಟಕ್ಕೆ ಇದು ಕಳ್ಳತನದ ಸಾಲಿಗೆ ಸೇರಬೇಕಾದದ್ದು. ಆದರೆ ಇದನ್ನು ಅಚೌರ್ಯವ್ರತದ ಕೆಳಗೆ ಇರಿಸದೆ ಸತ್ಯವ್ರತದ ಕೆಳಗೆ ಇರಿಸಲಾಗಿದೆ. ಇಟ್ಟುಕೊಂಡವನು ಪೆಟ್ಟಿಗೆ ಒಡೆಯಲಿಲ್ಲ. ತಾನಾಗಿ ತಪ್ಪು ಲೆಕ್ಕವನ್ನೂ ಹೇಳಲಿಲ್ಲ. ಎದುರಿನವನ ತಿಳಿವಳಿಕೆ ತಪ್ಪೆಂದು ಗೊತ್ತಿದ್ದೂ ಅದನ್ನು ಹಾಗೆಯೇ ಉಳಿಯಗೊಟ್ಟನು. ಇಟ್ಟವನು ಮರೆತನೆಂಬ ಕಾರಣಕ್ಕೆ ಇಟ್ಟುಕೊಂಡವನ ಖಾತೆಯಲ್ಲಿ ಬಾಕಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಎರಡೂವರೆ ವರ್ಷದ ಮಗುವಿನ ಬಳಿ ಇಡಲು ಚಿನ್ನವಿಲ್ಲ, ಬೆಳ್ಳಿಯಿಲ್ಲ. ಇರುವುದೊಂದೇ: ಅಮ್ಮ ಇಲ್ಲಿದ್ದಾಳೆ ಎಂಬ ನಂಬಿಕೆ. ಅದನ್ನು ನಮ್ಮಲ್ಲಿ ಇಟ್ಟು ಅದು ಮರಳಿನ ಕಡೆಗೆ ತಿರುಗಿ ಆಡಲು ಹೋಗುತ್ತದೆ. ತಿರುಗುವುದೆಂದರೆ ನ್ಯಾಸ ಇಟ್ಟಂತೆಯೇ. ಆ ಕ್ಷಣವನ್ನೇ ಸಾಧಿಸಿ ನಾವು ಹೊರಟುಹೋದರೆ ಆ ಠೇವಣಿಯ ಗತಿಯೇನು? ಮಗು ಮರೆತುಬಿಡುತ್ತದೆ ಎಂಬ ಸಮಾಧಾನವು, ಇಟ್ಟವನಿಗೆ ಲೆಕ್ಕ ಮರೆತಿದೆ ಎಂಬ ಸಮಾಧಾನದ ತಮ್ಮನೇ ಅಲ್ಲವೆ? ಇಷ್ಟನ್ನು ನಾನು ಹೇಳಿದಾಗ ಮಗನು ಸುಮ್ಮನಾದನು. ಸೊಸೆ, “ಹಾಗಾದರೆ ನಾಳೆಯಿಂದ ಹೇಳಿಯೇ ಬರುತ್ತೇನೆ” ಎಂದಳು.

ಅಳು ನಿಂತಿತೆಂದರೆ ದುಃಖ ನಿಂತಿತೆಂದಲ್ಲ ಎಂಬುದನ್ನು ಲೋಕದ ವಿದ್ವಾಂಸರೂ ಕಂಡುಕೊಂಡಿದ್ದಾರೆ. ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಒಂದು ಚಲನಚಿತ್ರವನ್ನು ಹೊರತಂದರು. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಒಂದು ಹೆಣ್ಣುಮಗುವಿನ ಚಿತ್ರಣ ಅದು. ಆ ಕಾಲದ ಆಸ್ಪತ್ರೆಗಳಲ್ಲಿ ತಾಯಂದಿರ ಭೇಟಿಗೆ ಬಹಳ ಕಟ್ಟುಪಾಡುಗಳಿದ್ದವು. ಆ ಮಗು ಹೆಚ್ಚು ಅಳಲಿಲ್ಲ. ಅದರ ಮುಖವನ್ನು ದಿನದಿನವೂ ನೋಡುತ್ತ ಹೋದವರಿಗೆ, ಆ ಮೌನವು ನೆಮ್ಮದಿಯಲ್ಲವೆಂಬುದು ಮನದಟ್ಟಾಯಿತು. ತಂದೆತಾಯಿಗಳಿಗೆ ಮಕ್ಕಳನ್ನು ಕಾಣಲು ನಿರ್ಬಂಧವಿರಬಾರದೆಂದು ಅಲ್ಲಿಯ ಪ್ಲಾಟ್ ಸಮಿತಿಯು 1959ರಲ್ಲಿ ಶಿಫಾರಸು ಮಾಡಿತು. ಜರ್ಮನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಬರ್ಲಿನ್ ಪದ್ಧತಿಯಲ್ಲಿ ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನ ಜೊತೆಗೇ ಇರುತ್ತಾರೆ, ಅಗಲಿಕೆಯ ಮಾತೇ ಇಲ್ಲ. ನಾಲ್ಕನೆಯ ದಿನ ಹೇಳಿ, ಬೀಳ್ಕೊಂಡು, ಕೆಲವು ನಿಮಿಷಗಳ ಮಟ್ಟಿಗೆ ಹೊರಗೆ ಹೋಗುತ್ತಾರೆ. ಮಗು ತಾಳಿಕೊಳ್ಳುವುದನ್ನು ನೋಡಿಕೊಂಡು ಕಾಲವನ್ನು ಹೆಚ್ಚಿಸುತ್ತಾರೆ. ಆ ದೇಶದವರು ಸತ್ಯಾಣುವ್ರತವನ್ನು ಓದಿದವರಲ್ಲ. ಮಗುವಿನ ಮುಖವನ್ನು ಓದಿ ಅದೇ ಜಾಗಕ್ಕೆ ಬಂದರು.

ಮರುದಿನದಿಂದ ಸೊಸೆ ಬಾಗಿಲ ಬಳಿ ಮಗುವಿನ ಎತ್ತರಕ್ಕೆ ಕುಳಿತು, “ಅಮ್ಮ ಈಗ ಹೋಗ್ತೀನಿ. ನೀನು ಹಣ್ಣು ತಿಂದು, ಹಾಡು ಹೇಳಿ, ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ಬರ್ತೀನಿ” ಎಂದು ಹೇಳಿ ಹೊರಡುತ್ತಿದ್ದಳು. ಹನ್ನೆರಡು ಗಂಟೆ ಎಂದರೆ ಮಗುವಿಗೆ ಏನು ತಿಳಿಯುತ್ತದೆ? ಹಣ್ಣು, ಹಾಡು, ಚಪ್ಪಲಿ ತಿಳಿಯುತ್ತವೆ. ಹೇಳಿ ಹೋದದ್ದರ ಫಲವಾಗಿ ಅಳು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಸತ್ಯವನ್ನು ಆಡಿದೊಡನೆ ಎಲ್ಲವೂ ಸರಿಹೋಗುತ್ತದೆಂದು ಯಾವ ಆಚಾರ್ಯರೂ ಹೇಳಿಲ್ಲ. ಶಿಕ್ಷಕಿಗೆ ಅಸಮಾಧಾನವೂ ಆಯಿತು. ಒಂದು ಮಗು ಅತ್ತರೆ ಉಳಿದವೂ ಅಳುತ್ತವೆ ಎಂಬ ಅವರ ಕಷ್ಟ ನಿಜವಾದದ್ದೇ. ಸೊಸೆ ಅವರ ಜೊತೆ ಕುಳಿತು ಮಾತಾಡಿ, ಒಂದು ವಾರ ಅವಕಾಶ ಕೇಳಿಕೊಂಡಳು.

ಇಂಥ ಮಾತು ಕೊಟ್ಟ ಮೇಲೆ ಅದು ಹುಂಡಿಯಿದ್ದ ಹಾಗೆ. ಕೊಟ್ಟ ಗಡುವಿಗೆ ಪಾವತಿಯಾಗಲೇಬೇಕು. ಆ ವಾರದಲ್ಲಿ ಒಂದು ದಿನ ಭಾರಿ ಮಳೆ ಬಂದು ಸೊಸೆ ಬನಶಂಕರಿಯ ಕಡೆ ಸಿಕ್ಕಿಬಿದ್ದಳು. ದೂರವಾಣಿಯಲ್ಲಿ ಅವಳು ಹೇಳಿದ್ದು ಇಷ್ಟೇ: “ಮಾವ, ಚಪ್ಪಲಿ ಹಾಕುವ ಮೊದಲೇ ಅಲ್ಲಿರಿ.” ನಾನು ಕೊಡೆ ಹಿಡಿದು ಹೋಗಿ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗಲೇ ಗೇಟಿನ ಬಳಿ ನಿಂತೆ. ಮೊಮ್ಮಗಳು ನನ್ನ ಹಿಂದುಗಡೆ ಇಣುಕಿ, “ಅಮ್ಮ?” ಎಂದಳು. ಅಮ್ಮ ಮನೆಯಲ್ಲಿದ್ದಾಳೆ ಎಂದುಬಿಟ್ಟರೆ ಆ ಹತ್ತು ನಿಮಿಷದ ದಾರಿ ಸುಲಭವಾಗುತ್ತಿತ್ತು. “ಅಮ್ಮ ಮಳೆಯಲ್ಲಿ ನಿಂತಿದ್ದಾಳೆ ಮಗಳೇ. ಅದಕ್ಕೇ ತಾತನನ್ನು ಕಳಿಸಿದಳು. ಮಳೆ ನಿಂತ ಮೇಲೆ ಮನೆಗೆ ಬರುತ್ತಾಳೆ” ಎಂದೆ. ಮನೆಯವರೆಗೂ ಅತ್ತುಕೊಂಡೇ ಬಂದಳು. ತಾಯಿ ಬಂದಾಗ ಅವಳ ಒದ್ದೆ ಸೀರೆಯನ್ನು ಮುಟ್ಟಿ ನೋಡಿ, “ಮಳೆ” ಎಂದಳು. ತಾತನು ಹೇಳಿದ ಲೆಕ್ಕ ತಾಳೆಯಾಯಿತು.

ಸುಮಾರು ಮೂರು ವಾರಗಳ ಬಳಿಕ, ಒಂದು ಭಾನುವಾರ, ಮೊಮ್ಮಗಳು ಗೊಂಬೆಯ ಬುಟ್ಟಿಯನ್ನು ಕಿಟಕಿಯ ಕಡೆ ಎಳೆದುಕೊಂಡು ಹೋಗಿ, ನಮಗೆಲ್ಲ ಬೆನ್ನು ಹಾಕಿ ಕುಳಿತು ಆಡಿದಳು. ಸೊಸೆ ನನಗೆ ಕಣ್ಸನ್ನೆ ಮಾಡಿ ತೋರಿಸಿದಳು. ಅದಾದ ಮೇಲೂ ಸೋಮವಾರಗಳಲ್ಲಿ ಅಳು ಬರುತ್ತಿತ್ತು. ದಸರೆಯ ರಜೆ ಮುಗಿದ ಮೇಲೆ ಮತ್ತೆ ಎರಡು ದಿನ ಬಂದಿತು. ಆದರೆ ಅದು ಅಗಲಿಕೆಯ ಅಳುವಾಗಿತ್ತು, ಮೋಸಹೋದವರ ಅಳುವಾಗಿರಲಿಲ್ಲ.

ಊಟತಿಂಡಿಯ ವಿಷಯದಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. ಹುಟ್ಟುಹಬ್ಬದ ದಿನ ಮೊಟ್ಟೆ ಹಾಕಿದ ಕೇಕು ಬರುತ್ತದೆ, ಪಕ್ಕದ ಮಗುವಿನ ಡಬ್ಬಿಯಲ್ಲಿ ಆಲೂಗಡ್ಡೆಯ ಚಿಪ್ಸ್ ಇರುತ್ತದೆ. ಅದು ಖಾರ, ಬಾಯಿ ಸುಡುತ್ತದೆ ಎಂದು ಹೇಳಿ ಮಕ್ಕಳನ್ನು ತಡೆಯುವ ರೂಢಿ ನಮ್ಮಲ್ಲಿದೆ. ಮಗು ಒಂದು ದಿನ ರುಚಿ ನೋಡುತ್ತದೆ, ಖಾರವಿಲ್ಲವೆಂದು ತಿಳಿಯುತ್ತದೆ. ಅಂದಿಗೆ ಕಂದಮೂಲದ ತ್ಯಾಗದ ಜೊತೆಗೆ ತಾಯಿಯ ಮಾತೂ ಹೋಗುತ್ತದೆ. ನಾವು ಇದನ್ನು ತಿನ್ನುವುದಿಲ್ಲ ಎಂದು ಮಗುವಿಗೂ ಶಿಕ್ಷಕಿಗೂ ನೇರವಾಗಿ ಹೇಳಿ, ತಿನ್ನಬಹುದಾದ ಒಳ್ಳೆಯ ತಿಂಡಿಯೊಂದನ್ನು ಡಬ್ಬಿಯಲ್ಲಿ ಇಡುವುದು ಮೇಲು.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕಾಗಿದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಒಂದು. ಹೊರಲಾರದಷ್ಟು ಹೊರೆಯನ್ನು ಎತ್ತಿನ ಮೇಲೆ, ಆಳಿನ ಮೇಲೆ ಹೇರಬಾರದೆಂದು ಇದರ ಅರ್ಥವನ್ನು ಕೇಳುತ್ತ ಬಂದಿದ್ದೇವೆ. ಮೂರು ವರ್ಷದ ಮಗುವಿಗೆ ಬರೆಯುವ ಮನೆಗೆಲಸ ಕೊಡುವುದೂ ಇದರಲ್ಲಿ ಸೇರುತ್ತದೆಂದು ನನ್ನ ತಿಳಿವಳಿಕೆ. ಪ್ರೊ. ಯಶಪಾಲ್ ಸಮಿತಿಯು 1993ರಲ್ಲಿಯೇ ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನಗಳು ಇರಬಾರದೆಂದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರವೇಶದಲ್ಲಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಆಟದ ಮೂಲಕ ಕಲಿಯುವ ಬುನಾದಿಯ ಹಂತವೆಂದು ಕರೆದಿದೆ. ಕರ್ನಾಟಕ ಸರ್ಕಾರವು ಒಂದನೆಯ ತರಗತಿಗೆ 6 ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶ ಮಾಡಿ, 2025-26ನೆಯ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಸಡಿಲಿಕೆಗೆ ಒತ್ತಾಯಿಸಿದವರು ಪೋಷಕರೇ ಎಂಬುದನ್ನು ನಾವು ಮರೆಯಬಾರದು. ಲಿಪಿಸಂಖ್ಯಾನಕ್ಕೆ ಐದನೆಯ ವರ್ಷವನ್ನು ಗೊತ್ತುಮಾಡಿದ ಪರಂಪರೆಯ ನಾವು ಯಾವುದಕ್ಕಾಗಿ ಇಷ್ಟು ಅವಸರಪಡುತ್ತಿದ್ದೇವೆ?

ಈ ಅವಸರ ಶಾಲೆಗಳದ್ದು ಮಾತ್ರವಲ್ಲ. ಮಹಾವೀರ ಜಯಂತಿಯ ವೇದಿಕೆಗಳಲ್ಲಿ ಮೂರು ವರ್ಷದ ಮಕ್ಕಳನ್ನು ಧ್ವನಿವರ್ಧಕದ ಮುಂದೆ ನಿಲ್ಲಿಸಿ ಣಮೋಕಾರ ಮಂತ್ರವನ್ನು ಹೇಳಿಸುತ್ತೇವೆ. ಮಗು ಸಭೆಯನ್ನು ನೋಡಿ ಬೆದರಿ ಅಳುತ್ತದೆ. ನಾವು ನಕ್ಕು ಚಪ್ಪಾಳೆ ತಟ್ಟುತ್ತೇವೆ. ಆ ಮಂತ್ರದೊಡನೆ ಆ ಮಗುವಿಗೆ ಮೊದಲು ಸೇರಿಕೊಳ್ಳುವುದು ಯಾವ ನೆನಪು ಎಂಬುದನ್ನು ಬಸದಿಯ ಟ್ರಸ್ಟುಗಳವರು ಯೋಚಿಸಬೇಕು.

ಆದಿನಾಥ ಸ್ವಾಮಿಯು ಲೋಕಕ್ಕೆ ವಿದ್ಯೆಯನ್ನು ಕೊಟ್ಟ ಬಗೆಯನ್ನು ಪುರಾಣಗಳಿಂದ ನಾವೆಲ್ಲರೂ ಬಲ್ಲೆವು. ಬ್ರಾಹ್ಮಿ, ಸುಂದರಿ ಎಂಬ ಹೆಣ್ಣುಮಕ್ಕಳಿಬ್ಬರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಒಬ್ಬಳಿಗೆ ಅಕ್ಷರವನ್ನೂ ಇನ್ನೊಬ್ಬಳಿಗೆ ಅಂಕವನ್ನೂ ಕಲಿಸಿದನು. ತೊಡೆ ಮೊದಲು, ಅಕ್ಷರ ಆಮೇಲೆ. ಪ್ಲೇ ಹೋಮಿನ ಶಿಕ್ಷಕಿಗೆ ನಾವು ಹಸ್ತಾಂತರಿಸುತ್ತಿರುವುದು ಆ ತೊಡೆಯನ್ನೇ. ಅದು ಒಂದು ಕೈಯಿಂದ ಇನ್ನೊಂದು ಕೈಗೆ, ಮಗುವಿಗೆ ಕಾಣುವಂತೆ, ಹೇಳಿ ಕೇಳಿ ಆಗಬೇಕು.

ನಮ್ಮ ಬಡಾವಣೆಗಳ ಬಸದಿಗಳಲ್ಲಿ ಬೆಳಗಿನ ಅಭಿಷೇಕ ಮುಗಿದ ಮೇಲೆ ಸಂಜೆಯವರೆಗೆ ಸಭಾಮಂದಿರಗಳು ಖಾಲಿಯಾಗಿರುವುದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ, ಎರಡು ಗಂಟೆಯ ಹೊತ್ತು, ಆ ವರ್ಷ ಶಾಲೆಗೆ ಸೇರಲಿರುವ ಮಕ್ಕಳು ತಾಯಂದಿರೊಡನೆ ಬಂದು ಆಡಲು ಅವಕಾಶ ಮಾಡಿಕೊಟ್ಟರೆ ಎಷ್ಟೋ ಉಪಕಾರವಾಗುತ್ತದೆ. ಒಂದು ಜಮಖಾನ, ಒಂದಿಷ್ಟು ಮರದ ಗೊಂಬೆಗಳು, ಕುಡಿಯಲು ಶೋಧಿಸಿದ ನೀರು, ಬಿಡುವಿರುವ ಒಬ್ಬಿಬ್ಬರು ಅಜ್ಜಿಯರು ಸಾಕು. ತಾಯಿ ಅಲ್ಲಿ ಐದು ನಿಮಿಷ ಹೇಳಿ ಹೋಗಿ ಹೇಳಿದಂತೆ ಬರುವುದನ್ನು ಮಗುವೂ ಅಭ್ಯಾಸ ಮಾಡಲಿ, ತಾಯಿಯೂ ಅಭ್ಯಾಸ ಮಾಡಲಿ. ಶಾಲೆಗೆ ಸೇರಿಸುವ ಮುನ್ನ ಶುಲ್ಕವನ್ನು ವಿಚಾರಿಸುವ ಪೋಷಕರು, ಮೊದಲ ವಾರ ನಮ್ಮನ್ನು ಒಳಗೆ ಕೂರಗೊಡುತ್ತೀರಾ, ಹೇಳಿ ಹೋಗಲು ಬಿಡುತ್ತೀರಾ ಎಂಬ ಎರಡು ಪ್ರಶ್ನೆಗಳನ್ನೂ ಕೇಳಲಿ. ಹತ್ತು ಮನೆಯವರು ಕೇಳಿದರೆ ಹನ್ನೊಂದನೆಯವರಿಗೆ ಕೇಳುವ ಅಗತ್ಯವೇ ಬೀಳಲಾರದು.